ಬೆಳಿಗ್ಗೆ ಸ್ಟಾರ್ಟ್ ಆಗದ ಹಳೆ ಕಾರು: ವಾಲ್ವ್ ಸವೆದಿದೆಯಾ ಅಂತ ಹೇಗೆ ನೋಡೋದು?

ತೀರ್ಥಹಳ್ಳಿಯಿಂದ ಕೇಳಿದ್ದು: ಅಪ್ಪ ತಗೊಂಡಿದ್ದ 1997ರ ಮಾಡೆಲ್ ಕಾರು, ಪೆಟ್ರೋಲ್, ಕಾರ್ಬುರೇಟರ್, 3 ಸಿಲಿಂಡರ್. ಬೆಳಿಗ್ಗೆ ಚೋಕ್ ಎಳೆದು ಏಳೆಂಟು ಸಲ ಸೆಲ್ಫ್ ಹೊಡೀಬೇಕು, ಸ್ಟಾರ್ಟ್ ಆದ್ಮೇಲೂ ಮಿಸ್ಸಿಂಗ್. ಬ್ಯಾಟರಿ, ಪ್ಲಗ್ ಎರಡೂ ಹೊಸ್ದು. ಮಾರೋಕೆ ಮನಸ್ಸಿಲ್ಲ. ಯಾರಿಗಾದ್ರೂ ಹೀಗಾಗಿತ್ತಾ?

ಹೊಸನಗರದಿಂದ: ನಮ್ ಕಡೆ ಮಳೇಲಿ ಮೊದ್ಲು ನೋಡ್ಬೇಕಾದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಬ್ಬಿಯ ಮುಚ್ಚಳ) ಮಾರಾಯ್ರೆ, ಒಳಗೆ ಥಂಡಿ ಕೂತ್ರೆ ಕರೆಂಟ್ ಪ್ಲಗ್‌ಗೆ ಹೋಗಲ್ಲ. ಕತ್ತಲಲ್ಲಿ ಬಾನೆಟ್ ಎತ್ತಿ ಇನ್ನೊಬ್ರ ಹತ್ರ ಸೆಲ್ಫ್ ಹೊಡ್ಸಿ, ಪ್ಲಗ್ ವೈರ್ ಮೇಲೆ ನೀಲಿ ಕಿಡಿ ಹರಿದಾಡಿದ್ರೆ ವೈರ್ ಬದಲಾಯಿಸಿ. ಕ್ಯಾಪ್ ಒಣಗಿಸಿದ್ಮೇಲೆ ಸರಿಹೋದ್ರೆ ವಾಲ್ವ್ (ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಬಿಟ್ಟು, ಹೊಗೆ ಹೊರಗೆ ಕಳ್ಸೋ ಬಾಗಿಲು) ಸುದ್ದಿಗೇ ಹೋಗ್ಬೇಡಿ.

ಶಿವಮೊಗ್ಗದಿಂದ: ಅವ್ರು ಹೇಳಿದ್ದು ಸರಿ, ಆದ್ರೆ ಬೇಸಿಗೇಲೂ ಹಿಂಗೇ ಇದ್ರೆ ಕಂಪ್ರೆಷನ್, ಅಂದ್ರೆ ಸಿಲಿಂಡರೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮ್ಕೊಳತ್ತೆ ಅಂತ, ನೋಡ್ಸಿ. ನಾನು ಒಂದು ವರ್ಷ ಕಾರ್ಬುರೇಟರ್‌ಗೇ ದುಡ್ಡು ಸುರಿದೆ, ಯಾಕಂದ್ರೆ ಟ್ಯಾಪೆಟ್ (ವಾಲ್ವ್ ಒತ್ತಿ ತೆರೆಯೋ ಭಾಗ) ಸದ್ದು ಚೂರೂ ಇರ್ಲಿಲ್ಲ, ಹೆಡ್ (ವಾಲ್ವ್ ಇರೋ ಇಂಜಿನ್ ಮೇಲ್ಭಾಗ) ಚೆನ್ನಾಗಿದೆ ಅಂತ್ಲೇ ನಂಬಿದ್ದೆ. ಆಮೇಲೆ ಗೊತ್ತಾಯ್ತು, ವಾಲ್ವ್ ಸವೆದು ತಾನು ಕೂರೋ ಸೀಟಿನೊಳಗೆ ಇಳಿದಷ್ಟೂ ಅದರ ಕಡ್ಡಿ ಮೇಲೆ ಬರತ್ತೆ, ಟ್ಯಾಪೆಟ್ ಗ್ಯಾಪ್ ಮುಚ್ಕೊಳತ್ತೆ, ಸದ್ದು ನಿಲ್ಲತ್ತೆ, ಕೊನೆಗೆ ವಾಲ್ವ್ ಪೂರ್ತಿ ಕೂರೋದೇ ಇಲ್ಲ. ಸೆಲ್ಫ್ ಹೊಡೆಯೋವಾಗ ಇಂಜಿನ್ ನಿಧಾನ ತಿರುಗೋದ್ರಿಂದ ಗಾಳಿ ಸೋರೋಕೆ ಬೇಕಾದಷ್ಟು ಟೈಮ್ ಸಿಗತ್ತೆ, ಅದಕ್ಕೇ ಸ್ಟಾರ್ಟಿಂಗ್ ಕಷ್ಟ, ಓಡೋವಾಗ ಅಷ್ಟು ಗೊತ್ತಾಗಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿನ ಸೀಟಿಗೆ ಕೊಟ್ಟೇ ತಣ್ಣಗಾಗೋದು, ಕೂರ್ಲಿಲ್ಲ ಅಂದ್ರೆ ಅಂಚು ಸುಟ್ಟುಹೋಗತ್ತೆ. ಗ್ಯಾಸ್ ಕಿಟ್ ಇದ್ರೆ ಸೀಟು ಇನ್ನೂ ಬೇಗ ಸವೆಯತ್ತೆ, ನಿಮ್ದಕ್ಕೆ ಇದೆಯಾ?

ಕಂಪ್ರೆಷನ್ ನೋಡೋಕೆ ಇಂಜಿನ್ ಬಿಸಿ ಮಾಡಿ, ಎಲ್ಲಾ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದು ಗೇಜ್ ನೋಡ್ಬೇಕು. ನಂದು 160, 155, ಮೂರನೇದು ಬರೀ 90 ಪಿಎಸ್‌ಐ. ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದ್ವಿ, 95. ಆಯಿಲ್ ಹಾಕಿದಾಗ ಜೋರಾಗಿ ಏರಿದ್ರೆ ಪಿಸ್ಟನ್ ರಿಂಗ್ ಸವೆದಿದೆ ಅಂತ, ಏರದಿದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿರೋ ಸೀಲ್). ಎರಡೂ ವಾಲ್ವ್ ಮುಚ್ಚಿರೋ ಹಾಗೆ ಪಿಸ್ಟನ್ ಮೇಲಕ್ಕೆ ತಂದು ಪ್ಲಗ್ ತೂತಿಂದ ಒಳಗೆ ಗಾಳಿ ಬಿಟ್ರೆ ಸೈಲೆನ್ಸರ್‌ನಲ್ಲಿ ಬುಸ್ ಅಂತು, ಎಕ್ಸಾಸ್ಟ್ ವಾಲ್ವೇ. ಕಾರ್ಬುರೇಟರ್‌ನಲ್ಲಿ ಕೇಳಿಸಿದ್ರೆ ಇನ್‌ಟೇಕ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್.

ಹೆಡ್ ಇಳಿಸೋ ಮುಂಚೆ ಮ್ಯಾನ್ಯುಯಲ್‌ನಲ್ಲಿರೋ ಅಳತೆಗೆ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಇಟ್ಟು ಟ್ಯಾಪೆಟ್ ಸೆಟ್ ಮಾಡ್ಸಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗತ್ತೆ. ನಂದು ತಡ ಆಗಿತ್ತು, ವಾಲ್ವ್ ಅಂಚು ಒಂದ್ಕಡೆ ಕಚ್ಚು ಬಿದ್ದಿತ್ತು. ಲೇತ್‌ನಲ್ಲಿ ಸೀಟ್ ಕಟಿಂಗ್ ಮಾಡಿಸೋ ಮೊದ್ಲು ಗೈಡ್ (ವಾಲ್ವ್ ಕಡ್ಡಿ ಓಡಾಡೋ ಕೊಳವೆ) ಎಷ್ಟು ಆಡತ್ತೆ ನೋಡ್ಸಿ, ಅದು ಸಡಿಲ ಇದ್ರೆ ಹೊಸ ವಾಲ್ವೂ ಸೊಟ್ಟಗೆ ಕೂತು ಮತ್ತೆ ಇದೇ ಕತೆ.

ಮೂರೂ ಸಿಲಿಂಡರಿನ ನಂಬರ್ ಬರೆದು ತಿಳಿಸಿ, ಹೆಡ್ ಇಳಿಸ್ಬೇಕಾ ಬೇಡ್ವಾ ಆಮೇಲೆ ನೋಡೋಣ.