ಜಿಐ, ಸಿಪಿವಿಸಿ, ಯುಪಿವಿಸಿ ಮೂರೂ ಸೇರುವ ಕಡೆ ಸೋರಿಕೆ: ಗೋಡೆ ಮುಚ್ಚುವ ಮೊದಲು ಏನು ಮಾಡಲಿ?

ಪ್ರಶ್ನೆ:
ನಮ್ಮದು ಹಳೇ ಮನೆ. ಬಚ್ಚಲುಮನೆ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದು ತೂತಾಯಿತು. ಅಷ್ಟು ಭಾಗ ತೆಗೆಸಿ ಸಿಪಿವಿಸಿ (ಬಿಸಿನೀರಿಗೂ ಆಗುವ ಪ್ಲಾಸ್ಟಿಕ್ ಪೈಪು) ಹಾಕಿಸಿದೆ. ಮೇಲೆ ಟ್ಯಾಂಕಿನಿಂದ ಬರುವುದು ಅರ್ಧ ಇಂಚಿನ ಬಿಳಿ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪು). ಆಚೆ ಕಡೆ ಅಡುಗೆಮನೆ ನಲ್ಲಿಗೆ ಹೋಗುವುದು ಹಳೇ ಜಿಐ. ಈಗ ಎರಡೂ ಕಡೆ ಹನಿಯುತ್ತಿದೆ. ಯುಪಿವಿಸಿ ಕಡೆ ಮೂರು ಸಲ ಸೊಲ್ಯೂಷನ್ (ಪೈಪು ಅಂಟಿಸುವ ದ್ರಾವಣ) ಬಳಿದರೂ ನಿಲ್ಲುತ್ತಿಲ್ಲ. ಗೋಡೆ ಇನ್ನೂ ತೆರೆದೇ ಇದೆ. ದಯವಿಟ್ಟು ಹೇಳಿ.

ಉತ್ತರ:
ಸರ್, ಮೊದಲು ಒಂದು ವಿಷಯ ತಿಳಿಸಿ. ಆ ಯುಪಿವಿಸಿ ಪೈಪನ್ನು ಮುಕ್ಕಾಲು ಇಂಚಿನ ಸಿಪಿವಿಸಿ ಕಪ್ಲಿಂಗಿಗೆ (ಎರಡು ಪೈಪು ಜೋಡಿಸುವ ತುಂಡಿಗೆ) ತೂರಿಸಿದ್ದಾರಾ?

ಪ್ರಶ್ನೆ ಕೇಳಿದವರು:
ಹೌದು ಸರ್. ಸಲೀಸಾಗಿ ಒಳಗೆ ಹೋಯಿತು, ಸ್ವಲ್ಪ ಅಲ್ಲಾಡುತ್ತಿತ್ತು. ಜಿಐ ತುದಿಗೆ ಹಾಕಿದ ಫಿಟ್ಟಿಂಗ್ ಪೂರ್ತಿ ಪ್ಲಾಸ್ಟಿಕ್. ಅದರ ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ.

ಉತ್ತರ:
ಹಾಗಾದರೆ ಎರಡಕ್ಕೂ ಕಾರಣ ಸಿಕ್ಕಿತು.

ಅರ್ಧ ಇಂಚು ಯುಪಿವಿಸಿಯ ಹೊರ ಅಳತೆ 21.3 ಮಿ.ಮೀ. ಮುಕ್ಕಾಲು ಇಂಚು ಸಿಪಿವಿಸಿಯದ್ದು 22.2. ನೋಡಲು ಒಂದೇ ಥರ, ಆದರೆ ಹತ್ತಿರ ಹತ್ತಿರ ಒಂದು ಮಿ.ಮೀ. ವ್ಯತ್ಯಾಸ. ಸೊಲ್ಯೂಷನ್ ಸಂದು ತುಂಬುವ ಗೋಂದಲ್ಲ. ಅದು ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಕರಗಿಸಿ ಎರಡನ್ನೂ ಒಂದಾಗಿಸುತ್ತದೆ. ಪೈಪು ಬಿಗಿಯಾಗಿ ಕೂರದಿದ್ದರೆ ಹತ್ತು ಸಲ ಬಳಿದರೂ ಅಷ್ಟೇ. ಆ ಜಾಯಿಂಟ್ ಕತ್ತರಿಸಿ ತೆಗೆಯಿರಿ. ಯುಪಿವಿಸಿ ತುದಿಗೆ ಯುಪಿವಿಸಿಯದ್ದೇ ಹಿತ್ತಾಳೆ ಒಳಥ್ರೆಡ್ (ತಿರುಪು ಸುತ್ತು ಒಳಗಿರುವ) ಅಡಾಪ್ಟರ್, ಸಿಪಿವಿಸಿ ತುದಿಗೆ ಸಿಪಿವಿಸಿಯದ್ದೇ ಹಿತ್ತಾಳೆ ಹೊರಥ್ರೆಡ್ ಅಡಾಪ್ಟರ್. ಥ್ರೆಡ್ ಎರಡರಲ್ಲೂ ಅರ್ಧ ಇಂಚೇ ಇರಲಿ. ಎರಡನ್ನೂ ತಿರುಗಿಸಿ ಸೇರಿಸಿ. ಸೊಲ್ಯೂಷನ್ನೂ ಬೇರೆ ಬೇರೆ, ಸಿಪಿವಿಸಿಗೆ ಅದರದ್ದೇ ಬೇಕು.

ಜಿಐ ಕಡೆ ಆಗಿರುವುದು ಬೇರೆ. ಕಬ್ಬಿಣದ ಥ್ರೆಡ್ ಒಳಹೋದಂತೆ ದಪ್ಪವಾಗುತ್ತದೆ. ಪ್ಲಾಸ್ಟಿಕ್ ಬಾಯಿಯನ್ನು ಅದರ ಮೇಲೆ ಬಿಗಿದರೆ ಸೀಳುತ್ತದೆ. ಅಲ್ಲೂ ಹಿತ್ತಾಳೆ ಥ್ರೆಡ್ ಇರುವ ಸಿಪಿವಿಸಿ ಅಡಾಪ್ಟರೇ ಬೇಕು. ಜಿಐ ಥ್ರೆಡ್ಡಿನ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ. ತೆಳು ಟೆಫ್ಲಾನ್ ಟೇಪ್ ಎಂಟ್ಹತ್ತು ಸುತ್ತು ಸುತ್ತಿ. ಪೈಪಿನ ಬಾಯಿ ನಿಮ್ಮ ಕಡೆ ಇದ್ದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು, ಇಲ್ಲಾಂದ್ರೆ ಬಿಗಿಯುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

ನನಗೆ ಭಯ ಇರುವುದು ಒಂದೇ ಕಡೆ. ಬಿಗಿಯುವಾಗ ಇನ್ನೊಂದು ಪೈಪ್ ರೆಂಚಿನಿಂದ ಜಿಐಯನ್ನು ಅಲ್ಲಾಡದಂತೆ ಹಿಡಿಯಲೇಬೇಕು. ತುಕ್ಕು ಹಿಡಿದ ಪೈಪು ಗೋಡೆಯೊಳಗೆ ತಿರುಗಿತೆಂದರೆ ಮುಂದಿನ ಎಲ್ಬೋದಲ್ಲಿ (ಪೈಪು ತಿರುಗುವ ಮೂಲೆಯ ಜೋಡಣೆಯಲ್ಲಿ) ಮುರಿಯುತ್ತದೆ, ಆಮೇಲೆ ಅಡುಗೆಮನೆ ತನಕ ಗೋಡೆ ಒಡೆಯಬೇಕಾಗುತ್ತದೆ. ಥ್ರೆಡ್ ಕೆಲಸವೆಲ್ಲ ಮೊದಲು, ಅಂಟಿಸುವುದು ಕೊನೆಗೆ.

ಇನ್ನೊಬ್ಬರ ಉತ್ತರ:
ಹಳೇ ಪ್ಲಂಬರ್‌ಗಳು ಥ್ರೆಡ್ಡಿಗೆ ನಾರು ಸುತ್ತಿ ಎಣ್ಣೆ ಪೇಂಟ್ ಬಳಿಯುತ್ತಾರೆ. ಜಿಐಗೆ ಜಿಐ ಸೇರಿಸಲು ಪರವಾಗಿಲ್ಲ. ಸಿಪಿವಿಸಿಗೆ ಮಾತ್ರ ಬೇಡ, ಎಣ್ಣೆ ತಾಗಿದರೆ ಅದು ದಿನ ಕಳೆದಂತೆ ಬಿರುಕು ಬಿಡುತ್ತದೆ. ಹಾಗೇ ಗೀಸರ್ ಹತ್ತಿರ ಯುಪಿವಿಸಿ ತರಬೇಡಿ. ಸಿಪಿವಿಸಿ 93 ಡಿಗ್ರಿವರೆಗೆ ತಡೆಯುತ್ತದೆ, ಯುಪಿವಿಸಿ ತಣ್ಣೀರಿಗಷ್ಟೇ.

ಪ್ರಶ್ನೆ ಕೇಳಿದವರು:
ಎರಡೂ ಜಾಯಿಂಟ್ ಬದಲಾಯಿಸಿದೆವು. ಎರಡು ರೆಂಚ್ ಹಿಡಿದೇ ಬಿಗಿದಿದ್ದು. ಅಂಟು ಒಣಗಿದ ಮೇಲೆ ನೀರು ಬಿಟ್ಟು, ನಲ್ಲಿಗಳನ್ನೆಲ್ಲಾ ಮುಚ್ಚಿ, ಜಾಯಿಂಟುಗಳ ಕೆಳಗೆ ರಾತ್ರಿಯಿಡೀ ಪೇಪರ್ ಇಟ್ಟಿದ್ದೆ. ಬೆಳಗ್ಗೆ ಪೇಪರ್ ಒಣಗೇ ಇತ್ತು. ಇನ್ನೆರಡು ದಿನ ನೋಡಿ ಪ್ಲಾಸ್ಟರ್ ಮಾಡಿಸುತ್ತೇನೆ. ಇಬ್ಬರಿಗೂ ತುಂಬಾ ಧನ್ಯವಾದ ಸರ್.