ಗಿರಿಜನ ಆರೋಗ್ಯ ಸಂಸ್ಥೆಗಳ ಲೆಕ್ಕ ನೋಡಿಕೊಳ್ಳೋರಿಗೆ: ಏನಿದ್ರೂ ಇಲ್ಲೇ ಕೇಳಿ

ಲೆಕ್ಕದ ಮೇಡಂ: ಮಾರ್ಚ್ ಬಂತು ಅಂದ್ರೆ ನನ್ನ ಇನ್‌ಬಾಕ್ಸ್ ತುಂಬೋಕೆ ಶುರು. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಎಲ್ಲರೂ ಇಲ್ಲೇ ಕೇಳಿ. ನಾನು ಚಾಮರಾಜನಗರದ ಕಡೆ ಸೋಲಿಗರ ಪೋಡುಗಳಲ್ಲಿ (ಅವರ ಹಾಡಿಗಳಲ್ಲಿ) ಕ್ಲಿನಿಕ್ಕು, ಸಂಚಾರಿ ಜೀಪು, ಸಿಕಲ್ ಸೆಲ್ (ರಕ್ತದ ಆನುವಂಶಿಕ ಕಾಯಿಲೆ) ತಪಾಸಣೆ ನಡೆಸೋ ಒಂದು ಸಂಸ್ಥೆಯಲ್ಲಿ ಅಕೌಂಟಿಂಗ್ ಅನಲಿಸ್ಟ್. ಸಿಎ ಅಲ್ಲ. ಸಹಿ ಹಾಕೋರು ನಿಮ್ಮ ಆಡಿಟರ್, ಕೊನೇ ಮಾತು ಅವರದೇ. ವಾಟ್ಸಾಪಲ್ಲಿ ಬಂದಿದ್ದನ್ನ ತಂದು ಇಲ್ಲಿ ಅಂಟಿಸಬೇಡಿ, ಕೈಮುಗಿದು ಕೇಳ್ಕೋತೀನಿ.

ಸಂಪಿಗೆ: ನಮಸ್ತೆ ಮೇಡಂ. ಬಿಕಾಂ ಮುಗಿಸಿದ್ದೀನಿ. ಇಂಥ ಕಡೆ ಕೆಲಸ ಅಂದ್ರೆ ಟ್ಯಾಲಿಯಲ್ಲಿ ಎಂಟ್ರಿ ಹಾಕೋದಷ್ಟೇನಾ?

ಲೆಕ್ಕದ ಮೇಡಂ: ಎಂಟ್ರಿ ಯಾರು ಬೇಕಾದ್ರೂ ಹಾಕ್ತಾರೆ. ಒಬ್ಬರೇ ನರ್ಸು ಬೆಳಿಗ್ಗೆ ಸರ್ಕಾರಿ ಯೋಜನೆಯ ಕ್ಲಿನಿಕ್ ನೋಡ್ತಾರೆ, ಮಧ್ಯಾಹ್ನ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡಲ್ಲಿ ಗರ್ಭಿಣಿಯರ ತಪಾಸಣೆ, ಶನಿವಾರ ವಿದೇಶಿ ದೇಣಿಗೆಯ ಸಿಕಲ್ ಸೆಲ್ ಶಿಬಿರ. ಸಂಬಳ ಒಂದೇ, ದುಡ್ಡು ಕೊಡೋರು ಮೂವರು. ಯಾರ ಬಾಬ್ತಿಗೆ ಎಷ್ಟು ಅನ್ನೋದನ್ನ ಟೈಮ್‌ಶೀಟ್ ನೋಡಿ ಹಂಚಬೇಕು. ಹೀಗೇ ಯಾಕೆ ಹಂಚಿದೆ ಅಂತ ಮುಂದೆ ಯಾರಾದ್ರೂ ಕೇಳಿದ್ರೆ ಕಾಗದ ತೋರಿಸೋ ಹಾಗಿರಬೇಕು. ತಿಂಗಳಾ ತಿಂಗಳಾ ಬಜೆಟ್ಟಿಗೂ ಖರ್ಚಿಗೂ ತಾಳೆ ಹಾಕಿ, ಔಷಧಿ ಹೆಡ್ಡಲ್ಲಿ (ಬಜೆಟ್ಟಿನ ಬಾಬ್ತಲ್ಲಿ) ದುಡ್ಡು ಉಳೀತಿದೆ, ಡೀಸೆಲ್ ಹೆಡ್ಡು ಮೀರ್ತಿದೆ ಅಂತ ಡಾಕ್ಟರಿಗೆ ಅಕ್ಟೋಬರಲ್ಲೇ ಹೇಳಬೇಕು. ಮಾರ್ಚಲ್ಲಿ ಹೇಳಿದ್ರೆ ಅದು ಶ್ರಾದ್ಧದ ಊಟದ ಲೆಕ್ಕ.

ಡೆಬಿಟ್ ಕ್ರೆಡಿಟ್: ರಸೀದಿಗೆ ರೆವಿನ್ಯೂ ಸ್ಟಾಂಪ್ ಯಾವಾಗ ಹಚ್ಚಬೇಕು?

ಲೆಕ್ಕದ ಮೇಡಂ: 5,000 ಮೀರಿದ್ರೆ, 1 ರೂಪಾಯಿದು.

ಕಬಿನಿ: ಮೇಡಂ, ಕಂಪನಿಯವರು ಸಿಎಸ್‌ಆರ್ ಬಜೆಟ್ಟಲ್ಲಿ ಅಕೌಂಟೆಂಟ್ ಸಂಬಳ ಹೊಡೆದುಹಾಕಿದ್ರು. ಆಡಳಿತ ವೆಚ್ಚ 5% ಮೀರಬಾರದು, ಕಾನೂನು ಅಂತಾರೆ.

ಲೆಕ್ಕದ ಮೇಡಂ: ಆ 5% ಕಂಪನಿಯವರು ತಮ್ಮ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡೋ ಖರ್ಚಿಗೆ ಇರೋ ಮಿತಿ. ಕೆಲಸ ಮಾಡೋ ಸಂಸ್ಥೆಯ ಖರ್ಚು ಅದರಲ್ಲಿ ಸೇರಲ್ಲ ಅಂತ ಕಂಪನಿ ವ್ಯವಹಾರಗಳ ಸಚಿವಾಲಯ 2021ರ ತನ್ನ ಪ್ರಶ್ನೋತ್ತರದಲ್ಲೇ ಹೇಳಿದೆ. ದುಡ್ಡು ಅವರದು, ಒಪ್ಪಂದದಲ್ಲಿ ಏನು ಮಿತಿ ಬೇಕಾದ್ರೂ ಹಾಕ್ಲಿ. ಕಾನೂನಿನ ಹೆಸರು ಹೇಳೋದು ಬೇಡ.

ಹೊಸ ಅಕೌಂಟೆಂಟ್: ಮೇಡಂ, ಸಂಸ್ಥೆ ಹೆಸರು ಬೇಡ. ನಮಗೆ ಎನ್‌ಎಚ್‌ಎಂ (ಸರ್ಕಾರದ ರಾಷ್ಟ್ರೀಯ ಆರೋಗ್ಯ ಅಭಿಯಾನ) ದುಡ್ಡಲ್ಲಿ ಸಂಚಾರಿ ಕ್ಲಿನಿಕ್ ಇದೆ, ವಿದೇಶಿ ದೇಣಿಗೆಯಲ್ಲಿ ಕ್ಷಯರೋಗದ ಪ್ರಾಜೆಕ್ಟ್ ಇದೆ. ಸರ್ಕಾರದ ಕಂತು ತಡವಾಗಿ, ಕ್ಲಿನಿಕ್ಕಿನ ನರ್ಸಿಗೂ ಡ್ರೈವರಿಗೂ ಡಿಸೆಂಬರಿಂದ ಸಂಬಳ ಆಗಿಲ್ಲ. ಇಬ್ಬರದೂ ಸೇರಿ ತಿಂಗಳಿಗೆ 42,000. 'ಎಫ್‌ಸಿ (ವಿದೇಶಿ ದೇಣಿಗೆ) ಅಕೌಂಟಿಂದ ಕೊಟ್ಟುಬಿಡು, ಕಂತು ಬಂದ ದಿನ ವಾಪಸ್ ಹಾಕೋಣ, ಎರಡೂ ನಮ್ಮ ಸಂಸ್ಥೆದೇ ತಾನೇ' ಅಂತಾರೆ ಕಾರ್ಯದರ್ಶಿಗಳು. ಇನ್ನೊಂದು, ಹಿಂದಿನ ಕಂತಲ್ಲಿ ಔಷಧಿಗೆ ಅಂತ ಬಂದಿದ್ದ 1.8 ಲಕ್ಷ ಇನ್ನೂ ಬ್ಯಾಂಕಲ್ಲಿದೆ. ಯುಸಿಯಲ್ಲಿ (ದುಡ್ಡು ಬಳಸಿದ ಪ್ರಮಾಣಪತ್ರದಲ್ಲಿ) ಅದೂ ಖರ್ಚಾಯ್ತು ಅಂತ ತೋರಿಸು, ಇಲ್ದಿದ್ರೆ ಮುಂದಿನ ಕಂತು ಬರಲ್ಲ ಅಂತಾರೆ. ನಾನು ಈಚೆಗೆ ಸೇರಿದವನು. ಸಹಿ ಜಾಗದಲ್ಲಿ ನನ್ನ ಹೆಸರೂ ಟೈಪ್ ಆಗಿದೆ.

ಲೆಕ್ಕದ ಮೇಡಂ: ಸಹಿ ಹಾಕಬೇಡಿ. ಮೊದಲು ಅದು. ಈಗ ನಿಧಾನವಾಗಿ ಓದಿ.

ಎರಡೂ ನಿಮ್ಮ ಸಂಸ್ಥೆದೇ, ನಿಜ. ಎಫ್‌ಸಿಆರ್‌ಎಗೆ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಗೆ, 2020ರಲ್ಲಿ ಆದ ತಿದ್ದುಪಡಿ ತಡೆದಿದ್ದು ವಿದೇಶಿ ದೇಣಿಗೆಯನ್ನ ಇನ್ನೊಬ್ಬರಿಗೆ ದಾಟಿಸೋದನ್ನ. ನಿಮ್ಮ ಕಾರ್ಯದರ್ಶಿ ಅಷ್ಟನ್ನೇ ಓದಿ ಧೈರ್ಯ ಮಾಡಿದ್ದಾರೆ ಅಂತ ಕಾಣುತ್ತೆ. ಆದ್ರೆ ಯಾವ ಉದ್ದೇಶಕ್ಕೆ ದೇಣಿಗೆ ಬಂತೋ ಅದಕ್ಕೇ ಖರ್ಚು ಮಾಡಬೇಕು ಅಂತ ಅದೇ ಎಫ್‌ಸಿಆರ್‌ಎ ಹೇಳುತ್ತೆ. ಕ್ಷಯಕ್ಕೆ ಅಂತ ಕೊಟ್ಟ ದುಡ್ಡಲ್ಲಿ ಸರ್ಕಾರಿ ಯೋಜನೆಯ ಡ್ರೈವರಿಗೆ ಸಂಬಳ ಹೋದ್ರೆ ಉದ್ದೇಶ ತಪ್ಪಿತು. ದಾನಿಯ ಲಿಖಿತ ಒಪ್ಪಿಗೆ ತಂದ್ರೂ ಅರ್ಧ ತೊಂದರೆ ಹಾಗೇ ಉಳಿಯುತ್ತೆ, ಯಾಕಂದ್ರೆ ಅಸಲು ಗಂಡಾಂತರ ಇರೋದು ವಾಪಸ್ ಹಾಕೋದ್ರಲ್ಲಿ. ಎಫ್‌ಸಿ ಖಾತೆಗೆ, ಅದು ದೆಹಲಿ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆದಾಗಲಿ, ನಿಮ್ಮೂರಲ್ಲಿ ಖರ್ಚಿಗೆ ತೆರೆದದ್ದಾಗಲಿ, ವಿದೇಶಿ ದೇಣಿಗೆ ಬಿಟ್ಟು ಬೇರೆ ದುಡ್ಡು ಬೀಳೋ ಹಾಗಿಲ್ಲ. ಏಪ್ರಿಲಲ್ಲಿ ಎನ್‌ಎಚ್‌ಎಂ ಕಂತು ಬಂದು ನೀವು 'ಪ್ರಾಮಾಣಿಕವಾಗಿ' 1.68 ಲಕ್ಷ ಅಲ್ಲಿಗೆ ಕಳಿಸಿದ್ರೆ, ದೇಶೀ ದುಡ್ಡು ಎಫ್‌ಸಿ ಖಾತೆಯಲ್ಲಿ ಬೆರೆತಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ. ಕಳಿಸದಿದ್ರೆ ಮೊದಲನೇ ತಪ್ಪು ಹಾಗೇ ನಿಂತಿರುತ್ತೆ. ಹೋಗೋಕೆ ದಾರಿ ಇದೆ, ಬರೋಕಿಲ್ಲ. ಡಿಸೆಂಬರ್ 31ರೊಳಗೆ ಎಫ್‌ಸಿ-4 (ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕ) ತುಂಬುವಾಗ ಇದನ್ನ ಯಾವ ಕಾಲಮ್ಮಲ್ಲಿ ಮುಚ್ಚಿಡ್ತೀರಿ? ನೋಂದಣಿಗೇ ಕುತ್ತು ಬಂದ್ರೆ ಕ್ಷಯದ ರೋಗಿಗಳ ಗತಿ ಏನು?

ಇನ್ನು ಯುಸಿ. ಅದರ ನಮೂನೆ, ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಗಳು) 12-ಎ, ತೆಗೆದು ನೋಡಿ. ಉಳಿದ ದುಡ್ಡು ತೋರಿಸೋಕೆ ಅಂತಲೇ ಅದರಲ್ಲಿ ಕಾಲಮ್ ಇದೆ, ಬಡ್ಡಿಗೂ ಇದೆ. ಕೆಳಗೆ ಸಂಸ್ಥೆ ಮುಖ್ಯಸ್ಥರ ಸಹಿಯಷ್ಟೇ ಅಲ್ಲ, ಹಣಕಾಸು ನೋಡೋರ ಸಹಿಯೂ ಬೇಕು. ಬ್ಯಾಂಕಲ್ಲಿ 1.8 ಲಕ್ಷ ಕಣ್ಣಿಗೆ ಕಾಣ್ತಿರುವಾಗ 'ಖರ್ಚಾಗಿದೆ' ಅಂತ ಸಹಿ ಹಾಕೋದು ಸುಳ್ಳು ಪ್ರಮಾಣಪತ್ರ. ನಾಳೆ ಕಾರ್ಯದರ್ಶಿ 'ಲೆಕ್ಕದ ಹುಡುಗ ಮಾಡಿದ್ದು, ನನಗೇನು ಗೊತ್ತು' ಅಂದ್ರೆ ನಿಮ್ಮ ಹತ್ರ ಏನಿದೆ?

ಆದ್ರೆ ನಿಮ್ಮ ಪ್ರಶ್ನೆಯಲ್ಲೇ ದಾರಿನೂ ಇದೆ, ಗಮನಿಸಿದ್ರಾ? ಆ 1.8 ಲಕ್ಷ ಇದೇ ಯೋಜನೆಯ ದುಡ್ಡು, ಹೆಡ್ ಮಾತ್ರ ಬೇರೆ. ಔಷಧಿ ಹೆಡ್ಡಿಂದ ಸಂಬಳದ ಹೆಡ್ಡಿಗೆ ಮರುಹೊಂದಾಣಿಕೆ ಮಾಡಿಕೊಡಿ ಅಂತ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಇವತ್ತೇ ಪತ್ರ ಹಾಕಿ. ನಾಲ್ಕು ತಿಂಗಳ ಸಂಬಳ 1.68 ಲಕ್ಷ, ಅದರೊಳಗೇ ಆಗುತ್ತೆ. ಔಷಧಿನ ಅಲ್ಲಿವರೆಗೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಕೇಳಿ. ಒಪ್ಪಿಗೆ ತಡವಾದ್ರೆ ಸಂಸ್ಥೆಯ ಸ್ವಂತ ದೇಶೀ ನಿಧಿಯಿಂದ ಮುಂಗಡ ಕೊಡಬಹುದು, ಸಮಿತಿ ಠರಾವು ಬರೆಸಿ. ಎರಡೂ ದೇಶೀ ದುಡ್ಡಾದ್ರಿಂದ ಎಫ್‌ಸಿ ರಗಳೆ ಇಲ್ಲ. ಕಾರ್ಯದರ್ಶಿಗೆ ಇದನ್ನೆಲ್ಲ ಬಾಯಲ್ಲಿ ಹೇಳಬೇಡಿ, ಇಮೇಲ್ ಮಾಡಿ.

ನಿವೃತ್ತ ಬ್ಯಾಂಕ್ ಮಿತ್ರ: ಇಷ್ಟೊಂದು ಹೆದರಿಸಬೇಡಿ ಮೇಡಂ. ನನಗೆ ಬಂದ ಮೆಸೇಜ್ ಹೀಗಿದೆ: 'ಎಫ್‌ಸಿ ದುಡ್ಡನ್ನ ಎಫ್‌ಡಿ ಇಡಿ, ಬಡ್ಡಿ ದೇಶೀ ಆದಾಯ, ಎಲ್ಲಿ ಬೇಕಾದ್ರೂ ಬಳಸಿ.' ಆ ಬಡ್ಡಿಯಿಂದ ಸಂಬಳ ಕೊಡಬಹುದಲ್ಲ?

ಲೆಕ್ಕದ ಮೇಡಂ: ಇಲ್ಲ. ವಿದೇಶಿ ದೇಣಿಗೆಯ ಬಡ್ಡಿಯೂ ವಿದೇಶಿ ದೇಣಿಗೆಯೇ, ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಸರ್ಕಾರಿ ಅನುದಾನದ ಬಡ್ಡಿಯೂ ನಿಮ್ಮದಲ್ಲ, ಕೇಂದ್ರದ್ದಾದ್ರೆ ವಾಪಸ್ ಕಟ್ಟಬೇಕು. ಈ ಮೆಸೇಜ್ ಪ್ರತಿ ವರ್ಷ ಬರುತ್ತೆ. ಬರೆದೋರು ಯಾರು, ಯಾವ ಸೆಕ್ಷನ್ ಅಂತ ಒಂದು ಸಲಾನೂ ಇರಲ್ಲ.

ಮಲೆಯ ಹಾದಿ: ಶಿಬಿರಕ್ಕೆ ಜೀಪು ಬಾಡಿಗೆ 18,000 ಆಯ್ತು. ಕಾಡಲ್ಲಿ ಸಿಗ್ನಲ್ ಇಲ್ಲ, ಯುಪಿಐ ಆಗಲ್ಲ, ಕ್ಯಾಶ್ ಕೇಳ್ತಾನೆ. 9,000ದ ಎರಡು ಓಚರ್ ಮಾಡಿ ಅಂತ ನಮ್ಮ ಗ್ರೂಪಲ್ಲಿ ಫಾರ್ವರ್ಡ್ ಬಂದಿತ್ತು.

ಲೆಕ್ಕದ ಮೇಡಂ: ಒಬ್ಬರಿಗೆ ಒಂದು ದಿನಕ್ಕೆ ನಗದು ಒಟ್ಟು 10,000 ಮೀರಿದ್ರೆ ಆ ಖರ್ಚನ್ನ ಟ್ರಸ್ಟಿನ ವಿನಿಯೋಗ (ಉದ್ದೇಶಕ್ಕೆ ಮಾಡಿದ ಖರ್ಚು) ಅಂತ ಆದಾಯ ತೆರಿಗೆಯವರು ಒಪ್ಪಲ್ಲ. ಒಟ್ಟು ಅಂದೆ. ಓಚರ್ ಎರಡು ಮಾಡಿ, ಇಪ್ಪತ್ತು ಮಾಡಿ. ಜೀಪಿನವನು ಸಂಜೆ ಕೊಳ್ಳೇಗಾಲಕ್ಕೆ ಇಳೀತಾನಲ್ಲ? ಅಲ್ಲಿಗೆ ಬಂದ ಮೇಲೆ ಖಾತೆಗೆ ಹಾಕಿ.

ನಿವೃತ್ತ ಬ್ಯಾಂಕ್ ಮಿತ್ರ: ಎರಡು ದಿನ ಕೊಟ್ರೆ? ಲಾರಿ ಬಾಡಿಗೆಗೆ 35,000ವರೆಗೆ ಬಿಡ್ತಾರಲ್ಲ?

ಲೆಕ್ಕದ ಮೇಡಂ: ಅದು ಸರಕು ಸಾಗಿಸೋ ಗಾಡಿಗೆ. ನೀವು ಸಾಗಿಸಿದ್ದು ನರ್ಸಮ್ಮನ್ನ. ಎರಡು ದಿನ ಕೊಟ್ರೆ ಅಕ್ಷರಕ್ಕೆ ತಪ್ಪಲ್ಲ, ಪ್ರತಿ ಶಿಬಿರಕ್ಕೂ ಅದೇ ಆಟ ಆಡಿದ್ರೆ ಆಡಿಟರ್ ಕುರುಡರಲ್ಲ.

ಕೊಡಗಿನ ಕಾಫಿ: ಸಿಕಲ್ ಸೆಲ್ ಕಿಟ್‌ಗಳನ್ನ ಆರೋಗ್ಯ ಇಲಾಖೆ ಪುಕ್ಕಟೆ ಕೊಟ್ಟಿದೆ. ಪುಸ್ತಕಕ್ಕೆ ಬೆಲೆ ಹಾಕಿ ತಗೋಬೇಕಾ, ಬರೀ ಸ್ಟಾಕ್ ರಿಜಿಸ್ಟರ್ ಸಾಕಾ?

ಮಂಡ್ಯದ ಹೈದ: ಎಲ್ಲಕ್ಕಿಂತ ಮುಖ್ಯ ಜೀಪಿನ ಡೀಸೆಲ್. ಎಫ್‌ಸಿಯಲ್ಲಿ ಅದು ಆಡಳಿತ ವೆಚ್ಚ, 20% ಒಳಗೇ ಇರಬೇಕು. ಎಫ್‌ಸಿಆರ್‌ಎ ನಿಯಮ 5ರಲ್ಲಿ ವಾಹನ ಓಡಿಸೋ ಖರ್ಚು ಅಂತ ಬರೆದಿದೆ. ಅರ್ಧ ಸಂಸ್ಥೆಗಳು ಕಳ್ಳಲೆಕ್ಕ ಬರೀತಿವೆ.

ಕಬಿನಿ: ಹಾಡಿಗೆ ಡಾಕ್ಟರನ್ನ ಕರ್ಕೊಂಡು ಹೋಗೋ ಜೀಪು ಆಡಳಿತವೇನ್ರೀ? ಹೆಚ್.ಡಿ. ಕೋಟೆ ಕಡೆ ಬಂದು ಒಂದು ಸಲ ಕೂತು ನೋಡಿ.

ಮಂಡ್ಯದ ಹೈದ: ಕೂರೋದಲ್ಲ, ಓದೋದು.

ಲೆಕ್ಕದ ಮೇಡಂ: ಇಬ್ಬರೂ ಅರ್ಧರ್ಧ ಓದಿದ್ದೀರಿ. ವಾಹನದ ಖರ್ಚು ಆ ಪಟ್ಟಿಯಲ್ಲಿದೆ. ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಮಾಡಿದ ಖರ್ಚು ಆಡಳಿತಕ್ಕೆ ಸೇರಲ್ಲ ಅಂತ ಅದೇ ನಿಯಮ ಹೇಳಿ, ಆಸ್ಪತ್ರೆ ಡಾಕ್ಟರ ಸಂಬಳವನ್ನ ಉದಾಹರಣೆಗೂ ಕೊಡುತ್ತೆ. ಹಾಗಾಗಿ ತೀರ್ಮಾನ ಆಗೋದು ಲಾಗ್ ಬುಕ್ಕಲ್ಲಿ. ಹೊರಟಾಗಿನ ಕಿಲೋಮೀಟರು, ಬಂದಾಗಿನದು, ಯಾವ ಪೋಡು, ಯಾರು ಹೋದ್ರು, ಎಷ್ಟು ರೋಗಿಗಳು, ನರ್ಸಿನ ಸಹಿ. ತಿಂಗಳ ಕೊನೆಗೆ ನಾನು ಲಾಗ್ ಬುಕ್ಕನ್ನೂ ಓಪಿಡಿ ರಿಜಿಸ್ಟರನ್ನೂ ಅಕ್ಕಪಕ್ಕ ತೆರೆದಿಟ್ಟು ನೋಡ್ತೀನಿ. ಜೀಪು 64 ಕಿಲೋಮೀಟರ್ ಓಡಿದೆ, ರಿಜಿಸ್ಟರಲ್ಲಿ ಆ ತಾರೀಖಿಗೆ ಒಂದು ಹೆಸರೂ ಇಲ್ಲ ಅಂದ್ರೆ ಡ್ರೈವರನ್ನ ಕರೆದು ಕೇಳಬೇಕು. ಎಷ್ಟೋ ಸಲ ಮಳೆಗೆ ಹಳ್ಳ ತುಂಬಿ ಅರ್ಧದಲ್ಲೇ ವಾಪಸ್ ಬಂದಿರ್ತಾರೆ. ಅದನ್ನೇ ಷರಾ ಕಾಲಮ್ಮಲ್ಲಿ ಬರೆದ್ರೆ ಡೀಸೆಲ್ ಕಾರ್ಯಕ್ರಮದ ಖರ್ಚೇ. ಬರೀದೆ ಬಿಟ್ರೆ ಅಧ್ಯಕ್ಷರ ಮದುವೆ ಓಡಾಟ ಅಂತ ಯಾರು ಬೇಕಾದ್ರೂ ಅನ್ನಬಹುದು.

ಲೆಕ್ಕ ಬರೆಯೋ ಖರ್ಚು ಮಾತ್ರ ನಿಸ್ಸಂದೇಹವಾಗಿ ಆಡಳಿತ. 2020ರವರೆಗೆ ಮಿತಿ 50% ಇತ್ತು, 20%ಗೆ ಇಳಿದ ಮೇಲೆ ಸಂಸ್ಥೆಗಳು ಮೊದಲು ಕೈಬಿಟ್ಟಿದ್ದು ನಮ್ಮಂಥೋರನ್ನೇ. ದಾಖಲೆ ಜಾಸ್ತಿ ಕೇಳ್ತಾರೆ, ಬರೆಯೋರನ್ನ ಕಮ್ಮಿ ಮಾಡಿ ಅಂತಾರೆ.

ಮಂಡ್ಯದ ಹೈದ: ಗಿರಿಜನರ ಹೆಸರು ಹೇಳ್ಕೊಂಡು ಎಸಿ ರೂಮಲ್ಲಿ ಕೂತೋರಿಗೆ 20% ಯಾಕೆ, 5% ಕೊಟ್ರೂ ಜಾಸ್ತಿ.

ಕಬಿನಿ: ನಮ್ಮ ಆಫೀಸಲ್ಲಿ ಫ್ಯಾನೇ ತಿರುಗಲ್ಲ ಸ್ವಾಮಿ.

ಸಂಪಿಗೆ: ಗಿರಿಜನರ ಹೆಸರಲ್ಲಿ ಅಂತ ಎಲ್ಲರೂ ಹೇಳ್ತಿದ್ದೀರಿ. ನಾನು ಸೋಲಿಗರವಳು, ಪೋಡಿನಲ್ಲೇ ಹುಟ್ಟಿದ್ದು. ಎರಡು ಸಂಸ್ಥೆಗೆ ಅರ್ಜಿ ಹಾಕಿದೆ, ಎರಡೂ ಕಡೆ ಆರೋಗ್ಯ ಕಾರ್ಯಕರ್ತೆ ಆಗ್ತೀಯಾ ಅಂತ ಕೇಳಿದ್ರು.

ನಿವೃತ್ತ ಬ್ಯಾಂಕ್ ಮಿತ್ರ: ಅದೂ ಒಳ್ಳೇ ಕೆಲಸವೇ ಅಲ್ವೇನಮ್ಮಾ? ನಿಮ್ಮ ಜನಕ್ಕೆ ಫೀಲ್ಡ್ ಚೆನ್ನಾಗಿ ಒಗ್ಗುತ್ತೆ. ಅಕೌಂಟ್ಸ್ ತಲೆನೋವು ಯಾಕೆ?

ಸಂಪಿಗೆ: ಬಿಕಾಂ ಮಾಡಿದ್ದು ಹಾಡಿ ಸುತ್ತೋಕಲ್ಲ ಸರ್. ಜೇನು ತಂದು ಸೊಸೈಟಿಗೆ ಹಾಕಿದಾಗ ತೂಕ, ಬಟವಾಡೆ ಲೆಕ್ಕ ನೋಡ್ತಿದ್ದವರು ನಮ್ಮಪ್ಪ. ಮೇಡಂ, ನಿಮ್ಮ ಸಂಸ್ಥೆಯ ಅಕೌಂಟ್ಸಲ್ಲಿ ಸೋಲಿಗರು ಎಷ್ಟು ಜನ ಇದ್ದಾರೆ?

ನಿವೃತ್ತ ಬ್ಯಾಂಕ್ ಮಿತ್ರ: ಒಳ್ಳೇದಕ್ಕೆ ಹೇಳಿದ್ರೂ ತಪ್ಪು. ಈಗಿನ ಕಾಲ.

ಕಬಿನಿ: ಒಳ್ಳೇದಲ್ಲ ಸರ್ ಅದು. ಫಾರ್ವರ್ಡ್ ಹಾಕೋದೇ ವಾಸಿ ಇತ್ತು.

ಮಂಡ್ಯದ ಹೈದ: ಅಡ್ಮಿನ್ ಎಲ್ಲಿ? ಲೆಕ್ಕದ ಗ್ರೂಪಲ್ಲಿ ಜಾತಿ ವಿಷಯ ಬಂತು.

ಕಬಿನಿ: ಎಸಿ ರೂಮು ತಂದಿದ್ದು ಯಾರು?

ಡೆಬಿಟ್ ಕ್ರೆಡಿಟ್: ಮೇಡಂ, ರೆವಿನ್ಯೂ ಸ್ಟಾಂಪ್ ಮೇಲೆ ಸಹಿ ಅಡ್ಡ ಹಾಕಬೇಕಾ?

ಲೆಕ್ಕದ ಮೇಡಂ: ಹೌದು. ಮೇಲೆ ಹೇಳಿದ್ದನ್ನ ಓದಿ ಕೇಳಿ. ಮಿಕ್ಕವರು ಜಗಳ ಬೇರೆ ಕಡೆ ಆಡಿ. ಹೊಸ ಅಕೌಂಟೆಂಟ್, ಏನಾಯ್ತು?

ಹೊಸ ಅಕೌಂಟೆಂಟ್: ಇಮೇಲ್ ಮಾಡಿದೆ ಮೇಡಂ. ಕಾರ್ಯದರ್ಶಿಗಳು ಮೊದಲು ರೇಗಿದ್ರು, ಆಮೇಲೆ ಪತ್ರಕ್ಕೆ ಸಹಿ ಹಾಕಿದ್ರು. ಡಿಎಚ್‌ಒ ಕಚೇರಿಯಲ್ಲಿ ಗುಮಾಸ್ತರು 'ಮಾಡಿಕೊಡ್ತೀವಿ, ನೀವು ಸಂಬಳ ಹಾಕ್ಕೊಳ್ಳಿ' ಅಂತ ಬಾಯಲ್ಲೇ ಹೇಳಿದ್ರು. ಹಾಕಿಬಿಡಲಾ? ಡ್ರೈವರ್ ಮಗಳ ಫೀಸ್ ಕಟ್ಟೋಕೆ ಆಗಿಲ್ಲ ಅಂತ ದಿನಾ ಬಂದು ನಿಲ್ತಾನೆ.

ಲೆಕ್ಕದ ಮೇಡಂ: ಗುಮಾಸ್ತರ ಮಾತಿಗೆ ಔಷಧಿ ದುಡ್ಡು ಮುಟ್ಟಬೇಡಿ. ಪತ್ರದ ನಕಲಿಗೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಂಡ್ರಾ? ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಮತ್ತೆ ಹೋಗಿ. ಡ್ರೈವರಿಗೆ ನಾಳೆಯೇ ದೇಶೀ ನಿಧಿಯಿಂದ ಒಂದು ತಿಂಗಳದು ಮುಂಗಡ ಕೊಡಿಸಿ, ಓಚರಲ್ಲಿ 'ಸಂಬಳ' ಅಂತ ಬರೀಬೇಡಿ, 'ಸಂಬಳದ ಮೇಲಿನ ಮುಂಗಡ' ಅಂತ ಬರೀರಿ. ನರ್ಸಿಗೂ ಅಷ್ಟೇ ಕೊಡಿ, ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರೆ ನಾಡಿದ್ದು ಜೀಪು ಹೊರಡಲ್ಲ. ಆದೇಶ ಕೈಗೆ ಬಂದ ಮೇಲೆ ಅದರ ನಂಬರು ಹಾಕಿ ಮುಂಗಡ ವಜಾ ಮಾಡಿ. ಯುಸಿಯಲ್ಲಿ ಉಳಿಕೆ 1.8 ಲಕ್ಷ ಅಂತಲೇ ಹೋಗಲಿ, ಬಾಕಿ ಸಂಬಳದ ಪಟ್ಟಿ ಲಗತ್ತಿಸಿ.