ಕುಕ್ಕುರುಗಾಲಲ್ಲಿ ಕೂತರೆ ಹಿಂದಕ್ಕೆ ಬೀಳುತ್ತೇನೆ, ಏನು ಮಾಡಲಿ?

ರಂಗೋಲಿಪುಡಿ:
ವಯಸ್ಸು 43. ದಿನವೆಲ್ಲ ಕುರ್ಚಿ ಕೆಲಸ. ಬಗ್ಗಿ ರಂಗೋಲಿ ಹಾಕಿದರೆ ಬೆನ್ನು ಹಿಡಿಯುತ್ತದೆ. ಅದಕ್ಕೇ ಕುಕ್ಕುರುಗಾಲಲ್ಲಿ ಕೂರುವುದನ್ನು ಕಲಿಯಲು ಹೊರಟೆ. ಅರ್ಧದವರೆಗೆ ಇಳಿಯುತ್ತೇನೆ. ಇನ್ನೂ ಕೆಳಗೆ ಹೋದರೆ ಹಿಮ್ಮಡಿ ಏಳುತ್ತದೆ. ಬಲವಂತವಾಗಿ ಊರಿದರೆ ದಪ್ ಅಂತ ಹಿಂದಕ್ಕೆ ಬೀಳುತ್ತೇನೆ. ಹತ್ತು ದಿನ ಬಸ್ಕಿ ಹೊಡೆದೆ. ತೊಡೆ ನೋವು ಬಂತೇ ಹೊರತು ಒಂದಿಂಚೂ ಕೆಳಗೆ ಹೋಗಲಿಲ್ಲ. ಕಾಲಲ್ಲಿ ಶಕ್ತಿ ಇಲ್ವಾ?

ಗರಡಿಹುಡುಗ:
ಬಸ್ಕಿ ಸದ್ಯಕ್ಕೆ ಬಿಡಿ ಮೇಡಂ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡೋಣ. ಅಂಗಾತ ಮಲಗಿ ಎರಡೂ ಮಂಡಿ ಎದೆಯ ಕಡೆಗೆ ಎಳೆದುಕೊಳ್ಳಿ. ತೊಡೆ ಹೊಟ್ಟೆಗೆ ತಾಗುತ್ತದಾ? ಆಮೇಲೆ ಗೋಡೆಗೆ ಮುಖ ಮಾಡಿ, ಒಂದು ಪಾದವನ್ನು ಗೋಡೆಯಿಂದ 10 ಸೆಂ.ಮೀ. ದೂರ ಇಡಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಆಗದಿದ್ದರೆ ಪಾದ ಹತ್ತಿರ ತನ್ನಿ. ತಾಗಿದ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟಿದೆ, ಅಳೆದು ಹೇಳಿ.

ರಂಗೋಲಿಪುಡಿ:
ಮಲಗಿದಾಗ ತೊಡೆ ಆರಾಮಾಗಿ ತಾಗಿತು! ಗೋಡೆಯದ್ದೇ ಕಷ್ಟ. ಬಲಗಾಲು 6, ಎಡಗಾಲು 4. ಎಡಗಾಲು ಹಿಂದೊಮ್ಮೆ ಜೋರಾಗಿ ಉಳುಕಿತ್ತು.

ಗರಡಿಹುಡುಗ:
ಕಳ್ಳ ಸಿಕ್ಕಿದ. ಸೊಂಟ, ಮಂಡಿ ಚೆನ್ನಾಗಿ ಮಡಚುತ್ತಿವೆ, ಪಾದದ ಕೀಲು ಬಿಗಿಯಾಗಿದೆ. ಮಂಡಿ ಮುಂದಕ್ಕೆ ಹೋಗದಿದ್ದರೆ ಸೊಂಟ ಹಿಂದೆಯೇ ಉಳಿಯುತ್ತದೆ. ಮೈಭಾರ ಹಿಮ್ಮಡಿ ದಾಟಿ ಹಿಂದಕ್ಕೆ ಹೋಗುತ್ತದೆ. ಆಗ ಪೈಲ್ವಾನನೂ ಬೀಳುತ್ತಾನೆ.

ಎರಡೂ ಹಿಮ್ಮಡಿಗಳ ಕೆಳಗೆ 3–4 ಸೆಂ.ಮೀ. ದಪ್ಪದ ಹಲಗೆ ಇಡಿ. ಚಪಾತಿ ಮಣೆ ಬೇಡ, ಅಲ್ಲಾಡುತ್ತದೆ, ನಾನೇ ಬಿದ್ದಿದ್ದೇನೆ. ಗಟ್ಟಿಯಾದ ಕಿಟಕಿ ಸರಳಿಗೆ ಸೊಂಟದ ಎತ್ತರದಲ್ಲಿ ಹಳೆ ಪಂಚೆ ಸುತ್ತಿ, ಎರಡು ತುದಿಗಳನ್ನೂ ಹಿಡಿದುಕೊಳ್ಳಿ. ಪಾದಗಳ ನಡುವೆ ಹೆಗಲಗಲ ಜಾಗ, ಬೆರಳು ಸ್ವಲ್ಪ ಹೊರಕ್ಕೆ. ಮಂಡಿ ಬೆರಳಿನ ದಿಕ್ಕಿಗೇ ಹೋಗಲಿ. ನಿಧಾನವಾಗಿ ಇಳಿದು 20 ಸೆಕೆಂಡ್ ಇರಿ, ಪಂಚೆ ಹಿಡಿದೇ ಏಳಿ. ನಾಲ್ಕೈದು ಸಲ ಸಾಕು. ಪಂಚೆಗೆ ಜೋತು ಬೀಳಬೇಡಿ. ಭಾರ ಪಾದದ ಮೇಲಿರಲಿ, ಪಂಚೆ ಇರುವುದು ಬೀಳದಂತೆ ತಡೆಯಲು ಅಷ್ಟೇ.

ಇನ್ನು ಗೋಡೆಯ ಪರೀಕ್ಷೆಯೇ ನಿಮಗೆ ವ್ಯಾಯಾಮ. ದಿನಾ ಒಂದೊಂದು ಕಾಲಿಗೆ ಹದಿನೈದು ಸಲ, ಎಡಗಾಲಿಗೆ ಇನ್ನೊಂದು ಸುತ್ತು ಜಾಸ್ತಿ. ಮೀನಖಂಡ ಎಳೆದಂತಾದರೆ ಸರಿ. ಪಾದದ ಕೀಲಿನ ಮುಂದೆ ಚುಚ್ಚಿದರೆ ನಿಲ್ಲಿಸಿ, ಫಿಸಿಯೋಗೆ ತೋರಿಸಿ.

ಹಳೇಕಾಲ:
ಹಲಗೆ, ಪಂಚೆ ಎಲ್ಲ ಇಟ್ಟುಕೊಂಡರೆ ಅದೇ ಅಭ್ಯಾಸ ಆಗಲ್ವಾ? ನಮ್ಮಜ್ಜಿ ಯಾವ ಹಲಗೆಯೂ ಇಲ್ಲದೆ ಗಂಟೆಗಟ್ಟಲೆ ಕೂರುತ್ತಿದ್ದರು.

ಗರಡಿಹುಡುಗ:
ನಿಮ್ಮಜ್ಜಿ ಚಿಕ್ಕಂದಿನಿಂದ ಕೂತವರು ಸರ್, ಮಧ್ಯೆ ಬಿಟ್ಟವರಲ್ಲ. ನಮ್ಮ ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಹಗ್ಗ, ಮರದ ತುಂಡು, ಬೆಲ್ಟ್ ಕೊಟ್ಟು ಯೋಗ ಕಲಿಸುತ್ತಿದ್ದರು. ಹಲಗೆಯನ್ನು ಕ್ರಮೇಣ ತೆಳ್ಳಗೆ ಮಾಡುತ್ತಾ ಹೋದರಾಯಿತು.

ರಂಗೋಲಿಪುಡಿ:
ಆರು ವಾರ ಆಯಿತು. ಎಡಗಾಲು ಈಗ 6, ಬಲಗಾಲು 8. ಹಲಗೆ ಹೋಗಿ ಮಡಚಿದ ಟವೆಲ್ ಬಂದಿದೆ. ನಿನ್ನೆ ಐದು ಚುಕ್ಕಿಯ ರಂಗೋಲಿಯನ್ನು ಒಂದೇ ಸಲಕ್ಕೆ ಕೂತು ಮುಗಿಸಿದೆ! ಎದ್ದಾಗ ಮಾತ್ರ ಪಾದ ಜುಮ್ಮೆಂದಿತು. ಭಯಪಡಬೇಕಾ?

ಗರಡಿಹುಡುಗ:
ಭಲೇ! ಮಂಡಿಯ ಹೊರಬದಿಯಲ್ಲಿ ಒಂದು ನರ ಚರ್ಮದ ಹತ್ತಿರವೇ ಹಾದುಹೋಗುತ್ತದೆ. ತುಂಬ ಹೊತ್ತು ಕೂತರೆ ಅದು ಒತ್ತಿಹೋಗುತ್ತದೆ. ಎದ್ದು ಓಡಾಡಿದ ಕೂಡಲೇ ಜುಮ್ ಹೋದರೆ ಪರವಾಗಿಲ್ಲ. ಹೋಗದಿದ್ದರೆ, ಇಲ್ಲಾ ನಡೆಯುವಾಗ ಪಾದ ಮೇಲೆತ್ತಲು ಬರದಿದ್ದರೆ, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಸದ್ಯಕ್ಕೆ ಎರಡು ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ. ಚುಕ್ಕಿ ಎಲ್ಲಿಗೂ ಓಡಿಹೋಗಲ್ಲ.